ಬೆಳಿಗ್ಗೆ ಐದೂವರೆಯ ಓದುಗರು

ಯಡ್ತರೆ
22 ನವೆಂಬರ್ 2025

ಸುಜನ್ ಅವರಿಗೆ ಅಮಿತಾಳ ನಮಸ್ಕಾರ.

‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದ್ದು ಕಾಣುತ್ತಿರಬಹುದು. ಅದಕ್ಕಾಗಿ ಇನ್ನೊಂದು ಹಾಳೆ ದಂಡ ಮಾಡಲು ಮನಸ್ಸಾಗಲಿಲ್ಲ. ನಿಮ್ಮ ನಂಬರನ್ನು ಬ್ಲಾಕ್ ಮಾಡಿದವಳು ನಾನೇ. ಈಗ ಬಯ್ಯಲೆಂದು ತೆರೆದರೂ ನೀವು ಅದನ್ನು ರಾಜಿ ಎಂದುಕೊಂಡೀರಿ, ಅದಕ್ಕೇ ಈ ಕಾಗದ. ಕ್ಷೇಮ ಸಮಾಚಾರ ಕೇಳುವುದಿಲ್ಲ. ನನ್ನದು ಒಂದೇ ಪ್ರಶ್ನೆ. ನನ್ನ ಬ್ಲಾಗಿಗೆ ಕಲ್ಲು ಹಾಕಿದವರು ನೀವೇ ತಾನೇ?

ಅನುಮಾನದ ಹೆಂಗಸು ಎಂದು ನಗಬೇಡಿ. ಅನುಮಾನ ನಾನು ತವರಿನಿಂದ ತಂದದ್ದಲ್ಲ, ನಿಮ್ಮ ಮನೆಯಲ್ಲಿ ಕಲಿತದ್ದು. ಎಂಟು ದಿನದ ಕೆಲಸ ಎಂದು ಮುಂಬೈ ರೈಲು ಹತ್ತಿದಿರಿ. ನಿಮ್ಮ ಸೋದರಮಾವನ ಕ್ಯಾಂಟೀನಿನಲ್ಲಿ ಕಾಯಂ ಆಗಿ ಕೂತಿದ್ದೀರಿ ಎಂದು ನನಗೆ ಗೊತ್ತಾದದ್ದು ಅತ್ತೆಯ ಬಾಯಿಂದ, ಅದೂ ತಿಂಗಳು ಕಳೆದ ಮೇಲೆ. ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಹೇಳದೆ ಹೋದದ್ದಕ್ಕೆ ಇದೆ. ಬೈಂದೂರಿನ ಮನೆ ಬಿಟ್ಟು ಇಲ್ಲಿ ಬಾಡಿಗೆ ಕೋಣೆ ಹಿಡಿದದ್ದು ಅದಕ್ಕೇ.

ಇಲ್ಲಿ ನನ್ನ ಹೊಟ್ಟೆ ಹೊರೆದದ್ದು ಆ ಮೀನಡುಗೆ ಬ್ಲಾಗು. ನೆಂಟರ ಎದುರು ‘ನನ್ನ ಹೆಂಡತಿ ಕಂಪ್ಯೂಟರಿನಲ್ಲಿ ಸಾರು ಕಾಯಿಸುತ್ತಾಳೆ’ ಎಂದು ನೀವು ನಗಾಡಿದ್ದಿರಲ್ಲ, ಅದೇ. ಮೊದಮೊದಲು ನಾನೂ ತಿಳಿಯದೆ ‘ಕಡಲ ಮಡಿಲಿನ ಬೆಳ್ಳಿ’ ಎಂದೆಲ್ಲ ತಲೆಬರಹ ಕೊಟ್ಟೆ. ಓದಿದವಳು ನಾನೊಬ್ಬಳೇ. ಆಮೇಲೆ ಬುದ್ಧಿ ಬಂತು. ಗೂಗಲ್‌ನಲ್ಲಿ ಯಾರೂ ಕಡಲ ಮಡಿಲನ್ನು ಹುಡುಕುವುದಿಲ್ಲ, ‘ಬಂಗುಡೆ ತಾಜಾ ಇದೆಯೋ ಇಲ್ಲವೋ ತಿಳಿಯುವುದು ಹೇಗೆ’ ಎಂದು ಹುಡುಕುತ್ತಾರೆ. ಅವರ ಪ್ರಶ್ನೆಯನ್ನೇ ತಲೆಬರಹ ಮಾಡಿ, ಉತ್ತರವನ್ನು ಮೊದಲ ಸಾಲಿನಲ್ಲೇ ಕೊಟ್ಟು, ಮೀನು ಮಾರುವ ಅತ್ತೆ ಕಲಿಸಿದ ಹಾಗೆ ಕಿವಿರು ಬಿಡಿಸಿ ಫೋಟೋ ಹಾಕಿದೆ. ಬಂದವರು ಪೂರ್ತಿ ಓದಿ ಹೋಗತೊಡಗಿದರು. ಬೇರೆ ಅಡುಗೆ ಬ್ಲಾಗಿನವರು ತಮ್ಮ ಬರಹದಲ್ಲಿ ನನ್ನದಕ್ಕೆ ಕೊಂಡಿ ಕೊಟ್ಟರು. ಎಲ್ಲೋ ಏಳನೇ ಪುಟದಲ್ಲಿ ಬಿದ್ದಿದ್ದ ಬರಹ ಮೆಲ್ಲಗೆ ಮೇಲೆ ಹತ್ತಿ ಒಂದು ದಿನ ಮೊದಲ ಪುಟದ ತುತ್ತತುದಿಯಲ್ಲಿ ಕೂತಿತ್ತು. ಅವತ್ತು ಯಾರಿಗೆ ಹೇಳಲಿ ಎಂದು ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ಅದು ಬಿಡಿ.

ಬರಹದ ನಡುವೆ ಜಾಹೀರಾತು ಬರುತ್ತದೆ. ಓದುವವರು ತಮಗೆ ಬೇಕೆನಿಸಿ ಒತ್ತಿದರೆ ನನಗೆ ಅಷ್ಟಿಷ್ಟು ದುಡ್ಡು. ಬಾಡಿಗೆ, ಗ್ಯಾಸು, ಮೀನು ಎಲ್ಲ ಅದರಲ್ಲೇ ನಡೆಯುತ್ತಿತ್ತು. ಆದರೆ ಒಬ್ಬರೇ ದಿನಾ ಬಂದು ಬೇಕಿಲ್ಲದೆ ಒತ್ತಿದರೆ ಜಾಹೀರಾತು ಕಂಪನಿಯವರ ಪ್ರಕಾರ ಅದು ಮೋಸ, ಮೋಸ ಮಾಡಿಸಿದವಳು ನಾನು. ಕಳೆದ ಗುರುವಾರ ನನ್ನ ಖಾತೆ ನಿಲ್ಲಿಸಿಬಿಟ್ಟರು. ಬ್ಲಾಗು ಇದೆ, ಜಾಹೀರಾತಿಲ್ಲ. ಮನವಿ ಮಾಡಿಕೊಳ್ಳಲು ಒಂದೇ ಅವಕಾಶ. ಒತ್ತಿದವರು ಯಾರು, ಯಾಕೆ ಒತ್ತಿದರು ಎಂದು ನಾನು ಹೇಳಬೇಕು. ಅವರಿಗೆ ಒಪ್ಪಿಗೆಯಾಗದಿದ್ದರೆ ಖಾತೆ ಶಾಶ್ವತವಾಗಿ ಬಂದ್. ಆಮೇಲೆ ಈ ಕೋಣೆ ಬಿಡಬೇಕು. ಇಲ್ಲಿಂದ ಹೊರಟರೆ ತವರಿನ ಜಗಲಿ, ಇಲ್ಲವೇ ನಿಮ್ಮ ಮನೆಯ ಬಾಗಿಲು. ನಿಮಗೆ ಬೇಕಾದದ್ದು ಅದೇ ಅಲ್ಲವೇ?

ಮೊದಲು ಅನುಮಾನ ಬಂದದ್ದು ಅನಿಷಾಳ ಮೇಲೆ. ಬ್ರಹ್ಮಾವರದ ನನ್ನ ಕಾಲೇಜು ಗೆಳತಿ, ನೆನಪಿರಬಹುದು. ಅವಳದೂ ಅಡುಗೆ ಬ್ಲಾಗು. ಬಂಗುಡೆ ಎಂದು ಹುಡುಕಿದರೆ ನನ್ನ ಕೆಳಗೇ ಅವಳು. ಸುದ್ದಿ ಹೇಳಿದ ಕೂಡಲೇ ಅಯ್ಯೋ ಪಾಪ ಎಂದಳು. ಅಷ್ಟು ಬೇಗ ಅಯ್ಯೋ ಪಾಪ ಎನ್ನುವವರನ್ನು ನಾನು ನಂಬುವುದಿಲ್ಲ. ಮುಲಾಜು ನೋಡದೆ ಕೇಳಿಯೇಬಿಟ್ಟೆ. “ಹೋಯ್ ಮಾರಾಯ್ತಿ, ನನ್ನ ಮಗೀಗ್ ಊಟ ಮಾಡ್ಸುಕೇ ಪುರ್ಸೊತ್ತಿಲ್ಲ, ನಿನ್ ಬ್ಲಾಗ್ ಹಾಳ್ ಮಾಡುಕೆ ಎಲ್ಲಿತ್ತ್?” ಎಂದು ಫೋನಿಟ್ಟಳು. ಇನ್ನು ಅವಳೂ ಮಾತಾಡುವುದಿಲ್ಲವೋ ಏನೋ.

ಆಮೇಲೆ ಯಾರು ಯಾವ ಊರಿನಿಂದ ಎಷ್ಟು ಹೊತ್ತಿಗೆ ಬಂದರು ಎಂದು ತೋರಿಸುವ ವರದಿ ತೆಗೆದು ನೋಡಿದೆ. ಬೆಳಿಗ್ಗೆ ಐದೂವರೆಗೆ ಇಬ್ಬರು. ಒಬ್ಬರು ಮುಂಬೈಯವರು. ಬಂಗುಡೆಯ ಬರಹ ಓದಲು ಐದು ನಿಮಿಷ ಸಾಕು, ಇವರು ಅರ್ಧ ಗಂಟೆ ಕೂರುತ್ತಾರೆ, ಕಳ್ಳ ಹಗಲು ಬಂದು ಮನೆ ನೋಡಿಕೊಂಡು ಹೋದ ಹಾಗೆ. ಇವರು ಬಂದು ಕೂತ ಬೆನ್ನಿಗೆ ಬೈಂದೂರಿನಿಂದ ಇನ್ನೊಬ್ಬರು. ಒಂದಕ್ಷರ ಓದದೆ, ಕಂಡ ಜಾಹೀರಾತನ್ನೆಲ್ಲ ಒತ್ತಿ ಹೊರಟುಹೋಗುತ್ತಾರೆ. ಒಂದು ದಿನವೂ ತಪ್ಪಿಲ್ಲ. ಮುಂಬೈಯಲ್ಲಿ ಕೋಟಿ ಜನ ಇದ್ದಾರೆ ಎನ್ನುತ್ತೀರಿ. ಇರಲಿ. ಕೋಳಿ ಕೂಗುವಾಗ ಎದ್ದು ಬೈಂದೂರಿನ ಬಂಗುಡೆ ಓದುವವರು ಎಷ್ಟು ಜನ? ನೀವು ಅಲ್ಲಿಂದ ಕಣ್ಣಿಡುತ್ತೀರಿ, ಇಲ್ಲಿ ಯಾರನ್ನೋ ಹಿಡಿದು ಒತ್ತಿಸುತ್ತೀರಿ. ನಾನು ಸೋತು ಬರಲಿ ಎಂದು.

ನಗಾಡಿದಿರಿ, ಸಹಿಸಿದೆ. ಹೇಳದೆ ಹೋದಿರಿ, ಅದನ್ನೂ ನುಂಗಿದೆ. ನಾನು ನನ್ನ ಕಾಲ ಮೇಲೆ ನಿಂತದ್ದನ್ನು ನೋಡಲಾರದೆ ಕಾಲೆಳೆದಿರಲ್ಲ, ಇದನ್ನು ಹೇಗೆ ನುಂಗಲಿ? ಇನ್ನೊಬ್ಬರು ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಮನವಿಯಲ್ಲಿ ನಿಮ್ಮ ಹೆಸರನ್ನೇ ಬರೆಯುತ್ತೇನೆ. ನನ್ನ ಮೇಲೆ ಹಗೆ ಸಾಧಿಸುವ ಮನುಷ್ಯ ಎಂದು ಬರೆಯುತ್ತೇನೆ. ಹೇಳದೆ ಮಾಡುವ ಅಭ್ಯಾಸ ನಿಮ್ಮದು, ನನ್ನದಲ್ಲ, ಹಾಗಾಗಿ ಮೊದಲೇ ತಿಳಿಸಿದ್ದೇನೆ.

ಇಷ್ಟೇ,
ಅಮಿತಾ

ತಾ.ಕ.: ಇವತ್ತು ಸೋಮವಾರ. ಕಾಗದ ಅಂಚೆಗೆ ಹಾಕಲು ಬೆಳಿಗ್ಗೆಯೇ ಬೈಂದೂರಿಗೆ ಹೋದೆ. ಮೀನು ಮಾರ್ಕೆಟ್ಟಿನ ಎದುರು ತಲೆ ತಗ್ಗಿಸಿ ದಾಟುತ್ತಿದ್ದೆ, ಅತ್ತೆ ಬುಟ್ಟಿಯ ಹಿಂದಿನಿಂದಲೇ ಕೂಗಿದರು. “ಹ್ವಾಯ್ ಅಮಿತಾ, ನಿನ್ ಅಂಗ್ಡಿ ಎಂತಕ್ ಮುಚ್ಚಿದ್ದೆ? ನಾಲ್ಕ್ ದಿನ ಆಯ್ತ್, ಬೋಣಿ ಮಾಡುಕೆ ಒಂದೂ ಕಾಣುದಿಲ್ಲ!”

ನನಗೆ ಅರ್ಥವಾಗಲಿಲ್ಲ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನು ತೆಗೆದು ನನ್ನ ಬ್ಲಾಗನ್ನೇ ತೋರಿಸಿದರು. “ಬೋಣಿ ಇಲ್ದಿರ್ ಯಾಪಾರ ಹ್ಯಾಂಗ್ ನಡಿತ್ತ್ ಮಗಾ? ಬುಟ್ಟಿ ಇಳ್ಸುಕ್ ಮುಂಚೆ ದಿನಾ ಜಾಹೀರಾತ್ ಎಲ್ಲ ಒತ್ತಿ ನಿಂಗೆ ಬೋಣಿ ಮಾಡ್ತಿದ್ದೆ. ಸುಜನ ತೋರ್ಸಿ ಕೊಟ್ಟದ್. ತನ್ ಕೈಗುಣ ಒಳ್ಳೇದಲ್ಲ, ನೀನೇ ಮಾಡ್ ಅಮ್ಮ ಅಂದ. ನಿಂಗ್ ಹೇಳ್ಬೇಡ ಅಂದಿದ್ದ.”

ಹಾಗಾದರೆ ಮುಂಬೈಯಲ್ಲಿ ಅರ್ಧ ಗಂಟೆ ಕೂರುವುದು ನೀವೇ. ಅನುಮಾನ ಸುಳ್ಳಾಗಲಿಲ್ಲ, ನೋಡಿ. ಮನವಿಯನ್ನು ಅಲ್ಲೇ ಬಸ್‌ಸ್ಟ್ಯಾಂಡಿನಲ್ಲಿ ಕೂತು ಕಳಿಸಿದೆ. ಒತ್ತಿದವರು ಅತ್ತೆ, ಒತ್ತಿಸಿದವರು ಗಂಡ, ಮೊದಲ ವ್ಯಾಪಾರ ಒಳ್ಳೆಯ ಕೈಯಿಂದ ಆಗಲೆಂದು ಒತ್ತಿದರು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಬೋಣಿ ಎಂದರೇನೆಂದೇ ತಿಳಿಯದ ಕಂಪನಿ ಇದನ್ನು ನಂಬುತ್ತದೆಯೋ ಇಲ್ಲವೋ. ಹೋದರೆ ಹೋಗಲಿ, ಇನ್ನೊಂದು ದಾರಿ ಹುಡುಕುತ್ತೇನೆ. ಇದನ್ನೂ ಹೇಳದೆಯೇ ಮಾಡಿದಿರಲ್ಲ, ಆ ಸಿಟ್ಟು ಇನ್ನೂ ಇದೆ. ಮೇಲಿನದನ್ನು ಹರಿಯದೆ ಕಳಿಸುತ್ತಿರುವುದು ಅದಕ್ಕೇ.

ಇನ್ನು ಒತ್ತಬೇಡಿ ಎಂದು ಅತ್ತೆಗೆ ಮೆಲ್ಲಗೆ ತಿಳಿಸಿ ಹೇಳಿದೆ. ಹಣೆ ಬಡಿದುಕೊಂಡರು, ಆಮೇಲೆ ಇನ್ನೊಂದು ಚಿಂತೆ ಶುರುವಾಯಿತು. “ಸುಜನ ದಿನಾ ಬೆಳಿಗ್ಗೆ ಫೋನ್ ಮಾಡಿ ಬೋಣಿ ಆಯ್ತಾ ಅಂತ ಕೇಳ್ತ. ಆಯ್ತ್ ಅಂದ್ರೇ ಅವ ಚಾ ಕುಡುದ್. ಈ ನಾಲ್ಕ್ ದಿನ ಸುಳ್ ಹೇಳಿದೆ. ನಾಳೆ ಎಂತ ಹೇಳುದ್ ಮಗಾ?” ಈ ಕಾಗದ ನಿಮ್ಮ ಕೈ ಸೇರುವವರೆಗೆ ಆಯ್ತು ಎಂದೇ ಹೇಳಿ ಎಂದಿದ್ದೇನೆ.