ನಡದಿಂದ ಇಳಿಯುವ ನೋವು

ಶಹಾಪುರ, 1952

ಅವ್ವಾ,

ನೀನು ತೀರಿಹೋದ ಆರು ವರ್ಷಕ್ಕೆ ನಿನ್ನ ಕಾಲುನೋವೇ ನನಗೂ ಬಂದಿದೆ. ಇವತ್ತು ದವಾಖಾನೆಯಲ್ಲಿ ಡಾಕ್ಟರು ಅಂಗಾತ ಮಲಗಿಸಿ ಎಡಗಾಲನ್ನು ನೆಟ್ಟಗೆ ಎತ್ತಿದರು. ನೋವು ನಡದಿಂದ ಹೆಬ್ಬೆರಳತನಕ ಸರ್ರನೆ ಹರಿಯಿತು. ಅದು ಹರಿಯುವ ದಾರಿಯನ್ನು ಗುರುತಿಸುವ ಆಸೆಗೆ, “ಇನ್ನೊಮ್ಮೆ ಎತ್ರಿ,” ಎಂದೆ. ಅವರು ನಕ್ಕರು.

“ಕಾಲಿಗೇನೂ ಆಗಿಲ್ರಿ. ನಡದಾಗ ನರ ಒತ್ತಾಕತ್ತದ. ಭಾರ ಎತ್ತಬ್ಯಾಡ್ರಿ, ಹಲಗಿ ಮ್ಯಾಲ ಮಲಗ್ರಿ.”

ನನ್ನ ಮೊಣಕಾಲೂ ನೋಯುತ್ತದೆ ಎಂದೆ. ಅದು ಸವೆತದ ನೋವು, ಅದರ ಜಾತಿಯೇ ಬೇರೆಯಂತೆ. ಅದಕ್ಕೆ ಕಾವು ಕೊಡಬೇಕಂತೆ.

ಎಲ್ಲಕ್ಕೂ ಮೊದಲು ಅವರು ಕೇಳಿದ್ದು, “ನೋವು ಎಲ್ಲಿಂದ ಶುರು ಆಗ್ತದ್ರಿ?” ಎಂದು.

ನಿನ್ನ ಮೀನಖಂಡಕ್ಕೆ ಮೂರು ಸಲ ಕುಡುಗೋಲು ಕಾಸಿ ಬರೆ ಹಾಕಿಸಿದೆವು. ಪ್ರತಿ ಸಲವೂ ನಿನ್ನ ಕೈ ನಡದ ಕಡೆಗೇ ಹೋಗುತ್ತಿತ್ತು. ಆ ಕೈಯನ್ನು ಎಳೆದು ಗಟ್ಟಿಯಾಗಿ ಹಿಡಿದುಕೊಂಡವನು ನಾನೇ.