ಕಿವಿಯ ಮೇಲೆ ಗಡ್ಡ

ಮಾರ್ಚ್ 4, ಬೆಳಿಗ್ಗೆ

ಕೆನ್ನೆ ಬೋಳಿಸಿದೆ. ಗದ್ದ ಬೋಳಿಸಿದೆ. ಆಮೇಲೆ ಕಿವಿ. ಹೌದು, ಕಿವಿ! ತೂತಿನ ಮುಂದಿನ ಸಣ್ಣ ಉಬ್ಬಿನ ಮೇಲೆ ಗಡ್ಡ ಬಂದಿದೆ — ಎರಡೂ ಕಡೆ. ಜೋತ ಮುಖ ಎಳೆಸಿ ಹೊಲಿಸಿಕೊಂಡು ತಿಂಗಳಾಯಿತು. ಕೊಯ್ದವನು ಭಾಮೈದ. ಮನೆಯವನೇ ಡಾಕ್ಟರ್ ಅಂತ ನಂಬಿದೆ. "ಕೊಯ್ಯೋ ಗೀಟು ಕಿವಿ ಒಳಗೇ ಅಡಗಿಸ್ತೀನಿ ಭಾವ, ಕಲೆ ಕಾಣೋದೇ ಇಲ್ಲ" ಅಂದಿದ್ದ. ಕಲೆ ಕಾಣುತ್ತಿಲ್ಲ, ನಿಜ. ಕೆನ್ನೆಯ ಚರ್ಮ ಗಡ್ಡದ ಸಮೇತ ಕಿವಿ ಹತ್ತಿ ಕೂತಿದೆ.

ಮಾರ್ಚ್ 6

ಕನ್ನಡಕದ ಅಂಗಡಿ ನನ್ನದು. ಫ್ರೇಮ್ ಕೂರಿಸಲು ಬಗ್ಗಿದರೆ ನನ್ನ ಕಿವಿ ಗಿರಾಕಿಯ ಕಣ್ಣಿಗೇ ಬರುತ್ತದೆ. ಇವತ್ತೊಬ್ಬ ಅಜ್ಜಿ ಹೊಸ ಕನ್ನಡಕದಲ್ಲಿ ಮೊದಲು ನೋಡಿದ್ದೇ ಅದನ್ನು.

"ಕಿವಿಗೆ ಸೋಪು ಹತ್ಕೊಂಡಿದೆ ನೋಡಪ್ಪ."

ಭೂಮಿ ಬಾಯಿಬಿಡಬಾರದೇ ಅನಿಸಿತು. ಭಾಮೈದನಿಗೆ ಫೋನ್ ಮಾಡಿದೆ. "ಹೀಲಿಂಗ್ ಭಾವ, ಸೆಟ್ಲ್ ಆಗುತ್ತೆ. ನಿಮ್ಮ ಸ್ಕಿನ್ನೇ ಸ್ವಲ್ಪ ಹಾಗೆ." ಕುಣಿಯಲಾರದವಳಿಗೆ ನೆಲ ಡೊಂಕು. ಕೂದಲು ಸೆಟ್ಲ್ ಆಗುತ್ತದೆಯೇ? ಬೆಳೆಯುತ್ತದೆ, ಮುಠ್ಠಾಳ!

ಮಾರ್ಚ್ 15

ಹೆಂಡತಿ ತಮ್ಮನ ಪರ. "ಈ ವಯಸ್ಸಲ್ಲಿ ನಿಮಗೆ ಬೇಕಿತ್ತಾ ಇದೆಲ್ಲ?" ಅವಳ ಪಕ್ಕ ನಿಂತರೆ ಜನ "ನಿಮ್ಮ ತಂದೆಯವರಾ?" ಅಂತ ಕೇಳುತ್ತಿದ್ದರಲ್ಲ... ಅದನ್ನು ಬಾಯಿಬಿಟ್ಟು ಹೇಳಲೇ?

ದುಡ್ಡು ಬೇಡ. ಕೂದಲು ಸುಡುವ ಲೇಸರ್ ಬೇಡ. ಅವನು ತಪ್ಪಾಯಿತು ಅನ್ನಲಿ, ಸಾಕು.

ಏಪ್ರಿಲ್ 9, ಬೆಳಿಗ್ಗೆ

ಭಾಮೈದ ಬಂದ. ಕುರ್ಚಿಯಲ್ಲಿ ಕೂತು ರೇಜರ್ ಕೈಗೆ ಕೊಟ್ಟೆ. "ನೀನೇ ಬೋಳಿಸು." ಬಲಗಿವಿ ಮುಗಿಸಿ ರೇಜರ್ ಕೆಳಗಿಟ್ಟ.

"ತಪ್ಪಾಯ್ತು ಭಾವ. ಹೆಂಗಸರಿಗೆ ಹಾಕೋ ಜಾಗದಲ್ಲೇ ಗೀಟು ಹಾಕ್ಬಿಟ್ಟೆ. ನಿಮಗೆ ಕಿವಿ ಮುಂದೆ, ಗಡ್ಡ ಇಲ್ಲದ ಪಟ್ಟಿ ಉಳಿಸಿ ಹಾಕ್ಬೇಕಿತ್ತು."

ಇಷ್ಟು ದಿನ ಕಾದದ್ದು ಈ ಮಾತಿಗೇ. ತಣ್ಣಗಾಗುತ್ತಿದ್ದೆ, ದೇವರಾಣೆ.

"ಯಾವಾಗ ಗೊತ್ತಾಯ್ತು?"

"ನೀವು ಫೋನ್ ಮಾಡಿದ ದಿನಾನೇ."

"ಆಮೇಲೆ ಬೇರೆ ಗಂಡಸರಿಗೆ ಮಾಡಿದ್ಯಾ?"

"ಇಬ್ಬರಿಗೆ... ಹಾಗೇ. ಗೀಟು ಬದಲಾಯಿಸಿದ್ರೆ ನನ್ನ ತಪ್ಪು ನರ್ಸ್‌ಗೆ ಗೊತ್ತಾಗ್ತಿತ್ತು ಭಾವ."

ನರ್ಸ್‌ಗೆ ಗೊತ್ತಾಗುತ್ತಿತ್ತಂತೆ!

ಕೊರಳಪಟ್ಟಿ ಹಿಡಿದು ಆ ಇಬ್ಬರ ನಂಬರೂ ಕಕ್ಕಿಸಿದೆ. ರೂಮಿಗೆ ಬಂದು ಚಿಲಕ ಹಾಕಿದೆ. "ಅಕ್ಕನ ಮುಖ ನೋಡಿ ಬಿಟ್ಬಿಡಿ" ಅಂತ ಬಾಗಿಲು ಬಡಿಯುತ್ತಿದ್ದಾನೆ. ಬಡಿಯಲಿ. ಎಡಗಿವಿಗೆ ಇನ್ನೂ ನೊರೆ. ಬಲಗಿವಿಗೆ ಫೋನ್. ಮೊದಲನೆಯವರಿಗೆ ರಿಂಗ್ ಆಗುತ್ತಿದೆ. ಎತ್ತಿದರು —