ಎದುರು ಮಗ್ಗದವಳಿಗೆ

ಭಾನುವಾರ, ಸಂಜೆ

ಪ್ರೀತಿಯ ಗುಂಗುರಿಗೆ,

ಹನ್ನೊಂದು ವರ್ಷ ಸುಮ್ಮನಿದ್ದು ಈಗ ಈ ಮುದುಕಿಗೇನು ಬಂತು ಕೇಡುಗಾಲ ಎನ್ನಬೇಡ. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ಇವತ್ತು ಹೊಳೆದಂಡೆ ಹಿಡಿದು ನಮ್ಮ ಗಿರಣಿಯವರೆಗೆ ನಡೆದೆ. ಚಿಮಣಿ ಇನ್ನೂ ನಿಂತಿದೆ. ಬಣ್ಣದ ತೊಟ್ಟಿಗಳಿಗೆ ಮಣ್ಣು ತುಂಬಿ ಹೂವಿನ ಗಿಡ ನೆಟ್ಟಿದ್ದಾರೆ. ಮಗ್ಗದ ಶೆಡ್ಡಿಗೆ ಸೂರಿಲ್ಲ. ನೆಲದಲ್ಲಿ ಬೋಲ್ಟಿನ ತೂತುಗಳು ಮಾತ್ರ ಉಳಿದಿವೆ. ಎಣಿಸುತ್ತಾ ಹೋಗಿ ನನ್ನ ಜಾಗದಲ್ಲಿ ನಿಂತೆ. ಎದುರಿಗೆ ನಿನ್ನ ಜಾಗ. ಅಲ್ಲೊಂದು ಫಲಕ ಹಾಕಿದ್ದಾರೆ: ಮಗ್ಗಗಳ ಸದ್ದಿನಲ್ಲಿ ಕೆಲಸಗಾರರು ಒಬ್ಬರೊಡನೊಬ್ಬರು ಮಾತಾಡಲು ಆಗುತ್ತಲೇ ಇರಲಿಲ್ಲವಂತೆ. ಇವರ ಬುದ್ಧಿಗೆ ಬೆಂಕಿ ಬೀಳಲಿ! ದನಿಯಿಲ್ಲದೆ ಬರೀ ತುಟಿಯಾಡಿಸಿ ನಾವು ಆಡದ ಮಾತಿತ್ತೇನೆ? ಮೇಸ್ತ್ರಿಯ ಮನೆಜಗಳ, ನಿನ್ನತ್ತೆಯ ಗೊರಕೆ, ಎಲ್ಲ. ನಗು ಬಂತು. ಹೇಳಿಕೊಂಡು ನಗೋಣವೆಂದರೆ ಪಕ್ಕದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆ ಶೆಡ್ಡಿನವರಲ್ಲಿ ಈ ಊರಲ್ಲಿ ಉಳಿದವಳು ನಾನೊಬ್ಬಳೇ. ಮನೆಯಲ್ಲಿ ಒಮ್ಮೊಮ್ಮೆ ಗೋಡೆಯ ಮುಂದೆ ತುಟಿಯಾಡಿಸುತ್ತೇನೆ.

ವಾಪಸು ಬರುವಾಗ ಸೇತುವೆಯ ಹತ್ತಿರ ನಿಂತುಬಿಟ್ಟೆ. ಗಿರಣಿ ಮುಚ್ಚಿದ ವರ್ಷ ನಾನು ಅಲ್ಲೇ ಅಲ್ಲವೇ, ಗಿರಣಿಯಲ್ಲಿ ನೂಲು ಸುತ್ತುತ್ತಿದ್ದವಳಿಗೆ ನಿನ್ನ ವಿಷಯ ತೆಗೆದು, ‘ಮಗು ಜ್ವರದಲ್ಲಿ ಸಾಯುತ್ತಿದ್ದರೂ ಅವಳು ಮಗ್ಗ ಬಿಟ್ಟು ಹೋಗಲಿಲ್ಲ, ಅವಳೆಂಥ ತಾಯಿ’ ಎಂದದ್ದು? ಬೇರೆ ಯಾರಾದರೂ ಆಗಿದ್ದರೆ ಕಿವಿಯಲ್ಲಿ ಉಸುರುತ್ತಿದ್ದರು. ನಾನು ಗಿರಣಿಯ ರೂಢಿಯಂತೆ ದನಿಯಿಲ್ಲದೆ ತುಟಿ ಅಗಲಿಸಿ ಹೇಳಿದೆ. ನೀನು ಆಚೆ ದಡದ ಮೆಟ್ಟಿಲ ಮೇಲೆ ಕೂತು ನನ್ನ ತುಟಿಯಿಂದ ಅಕ್ಷರಕ್ಷರ ಓದಿಕೊಂಡೆ. ಆ ವಾರವೇ ನಿನ್ನಣ್ಣನ ಊರಿಗೆ ಹೊರಟುಹೋದೆ. ಒಂದು ಮಾತು ಬೈಯಲಿಲ್ಲ.

ತಪ್ಪಾಯಿತು ಕಣೇ. ಎಲುಬಿಲ್ಲದ ನಾಲಿಗೆ, ಹೊರಳಬಾರದ ಕಡೆ ಹೊರಳಿತು. ನೀನಿಲ್ಲದೆ ಊರೆಲ್ಲ ಬಿಕೋ ಎನ್ನುತ್ತಿದೆ. ಒಂದು ಸಲ ಬಂದು ಹೋಗು.

ನಿನ್ನ,
ಎದುರು ಮಗ್ಗದವಳು

ತಾ.ಕ.: ಅಂಟಿಸಿದ ಕವರು ಬಿಚ್ಚಿ ಬರೆಯುತ್ತಿದ್ದೇನೆ. ಮಗುವಿನ ಜ್ವರ ಏರಿದೆ, ತಾಯಿಗೆ ತಿಳಿಸು ಎಂದು ಗೇಟಿನ ಕಾವಲುಗಾರ ಮಗು ತೀರಿಹೋದ ದಿನ ಬಂದು ಹೇಳಿದ್ದು ನನಗೆ. ನೀನು ಹೋದರೆ ನಿನ್ನ ಮಗ್ಗವನ್ನೂ ನಾನೇ ನೋಡಬೇಕಿತ್ತು. ಮಕ್ಕಳ ಜ್ವರ ತಾನೇ, ಪಾಳಿ ಮುಗಿಯಲಿ ಎಂದುಕೊಂಡೆ. ಸೈರನ್ ಆದಮೇಲೆ, ಈಗಷ್ಟೇ ಸುದ್ದಿ ಬಂತು ಎಂಬಂತೆ ನಿನಗೆ ಹೇಳಿದೆ. ಅದಕ್ಕೂ ಮುಂಚೆ ಒಂದು ಗಂಟೆ ನಿನ್ನ ಎದುರಿಗೇ ನಿಂತಿದ್ದೆ. ತುಟಿ ಬಿಚ್ಚಲಿಲ್ಲ.